ಭುಜ ನೋವಿನವನಿಗೆ ಯಾವ ಟೆಲಿ ಜೂಮ್? 200-500 ತಗೊಳ್ಳಲಾ, 150-600 ತಗೊಳ್ಳಲಾ?

ಬಾಳೆಲೆ ತೋಟ
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಸುಮ್ನೆ ಓದಿಕೊಂಡು ಇದ್ದೆ, ಈಗ ನನ್ನದೇ ಒಂದು ಪ್ರಶ್ನೆ. ನನ್ನ ಹತ್ತಿರ ನಿಕಾನ್ ಡಿ7200 ಕ್ಯಾಮೆರಾ ಇದೆ, ಜೊತೆಗೆ ಹಳೇ 70-300 ಮಿ.ಮೀ. ವಿಆರ್ (ಕೈ ನಡುಕ ತಡೆಯುವ) ಜೂಮ್ ಲೆನ್ಸ್. ಬೆಳಿಗ್ಗೆ ತೋಟಕ್ಕೆ ಒಂದು ಸುತ್ತು ಹೋಗುವಾಗ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೋಗುತ್ತೇನೆ. ಲೈನ್ ಮನೆ (ಕೆಲಸದವರ ಮನೆ ಸಾಲು) ಹಿಂದೆ ಒಂದು ದೊಡ್ಡ ಬಸರಿ ಮರ ಇದೆ. ಹಣ್ಣು ಬಿಟ್ಟಾಗ ಮಂಗಟ್ಟೆ, ಕುಟ್ರು, ಕೆಂಜಳಿಲು ಎಲ್ಲಾ ಅಲ್ಲೇ. ಆದರೆ 300ರಲ್ಲಿ ಮಂಗಟ್ಟೆಯ ಕೊಕ್ಕು ಮಾತ್ರ ಗೊತ್ತಾಗುತ್ತದೆ, ಕಣ್ಣು ಎಲ್ಲಿದೆ ಅಂತ ಊಹೆ ಮಾಡಬೇಕು. ಕ್ರಾಪ್ ಮಾಡಿದರೆ ರವೆ ಚೆಲ್ಲಿದ ಹಾಗೆ ಕಾಣುತ್ತದೆ.

ಬಜೆಟ್ 70 ಸಾವಿರ, ತುಂಬಾ ಎಳೆದರೆ 80. ಸೆಕೆಂಡ್ ಹ್ಯಾಂಡ್ ಆದರೂ ಸರಿ. ತಲೆಯಲ್ಲಿ ಇರುವುದು ಮೂರು ಲೆನ್ಸ್: ನಿಕಾನ್ 200-500 ಎಫ್/5.6 (ಎಫ್ ಸಂಖ್ಯೆ ಸಣ್ಣದಾದಷ್ಟೂ ಬೆಳಕು ಜಾಸ್ತಿ), ಟ್ಯಾಮ್ರಾನ್ 150-600 ಜಿ2, ಸಿಗ್ಮಾ 150-600 ಕಂಟೆಂಪರರಿ. ಶಾರ್ಪ್‌ನೆಸ್ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇನ್ನೊಂದು ವಿಷಯ, ಹೋದ ವರ್ಷ ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಬಲಭುಜ ಕೆಟ್ಟಿದೆ. ಭಾರ ಎತ್ತಬಹುದು, ಆದರೆ ಎತ್ತಿ ಹಿಡಿದುಕೊಂಡು ಇರುವುದು ಕಷ್ಟ. ಏನು ಮಾಡಲಿ?

ಮಡಿಕೇರಿ ಮಂಜು
200-500. ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಮುಗೀತು.

ಕುಟ್ಟ ಕಾಡುದಾರಿ
ಮಂಜು, ಅವರು ಭುಜ ಕೆಟ್ಟಿದೆ ಅಂತ ಬರೆದಿದ್ದಾರೆ, ಅದನ್ನೂ ಕಣ್ಣು ಮುಚ್ಚಿಕೊಂಡೇ ಓದಿದೆಯಾ?

ತೋಟದ ಅಣ್ಣಾ, ಮೊದಲು ತೂಕ ನೋಡಿ. 200-500 ಕಾಲರ್ (ಟ್ರೈಪಾಡ್‌ಗೆ ಸಿಕ್ಕಿಸುವ ಪಟ್ಟಿ) ಸೇರಿ 2300 ಗ್ರಾಂ. ಟ್ಯಾಮ್ರಾನ್ ಜಿ2 ಸುಮಾರು 2 ಕೆ.ಜಿ. ಸಿಗ್ಮಾ ಕಂಟೆಂಪರರಿ 1930. ನಿಮ್ಮ ಡಿ7200 ಬ್ಯಾಟರಿ ಸೇರಿ 765. ಅಂದರೆ ನಿಕಾನ್ ಹಾಕಿದರೆ ಕೈಯಲ್ಲಿ 3 ಕೆ.ಜಿ. ದಾಟಿತು. ಅದೂ ಹತ್ತಿರ ಇಟ್ಟುಕೊಳ್ಳುವ ತೂಕ ಅಲ್ಲ. ಜೂಮ್ ಮಾಡಿದಾಗ ಮುಂದಿನ ಗಾಜು ಹೊರಗೆ ಬರುತ್ತದೆ, ಆಗ ಎಡಗೈ ಇನ್ನೂ ಮುಂದೆ ಹೋಗಬೇಕು. ಹತ್ತು ನಿಮಿಷ ಮಂಗಟ್ಟೆ ಕೊಂಬೆಯಿಂದ ಇಳಿಯಲಿ ಅಂತ ಕಾದರೆ ಗೊತ್ತಾಗುತ್ತದೆ.

ಅಮ್ಮತ್ತಿ ಅಜ್ಜ
ನಮ್ಮ ಮನೆಯ ಜೋಡಿ ನಳಿಗೆ ಕೋವಿ ಅಷ್ಟೇ ತೂಕ. ಅದನ್ನು ಹೊತ್ತುಕೊಂಡು ಬೆಟ್ಟ ಹತ್ತುತ್ತಿದ್ದೆವು ನಾವು. ಈಗಿನವರಿಗೆ ಎಲ್ಲಾ ಭಾರವೇ.

ಕುಟ್ಟ ಕಾಡುದಾರಿ
ಅಜ್ಜಾ, ಕೋವಿ ಹೆಗಲಲ್ಲೇ ಇರುತ್ತದೆ, ಗುರಿ ಇಡುವುದು ಎರಡು ಸೆಕೆಂಡ್. ಇಲ್ಲಿ ಗುರಿ ಇಟ್ಟುಕೊಂಡೇ ಇರಬೇಕು 😀

ಅಮ್ಮತ್ತಿ ಅಜ್ಜ
ಅದೂ ಸರಿಯೇ.

ಸೋಮವಾರಪೇಟೆ ಟೀಚರ್
ನಾನು 200-500 ಮೂರು ವರ್ಷ ಬಳಸಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ. ಒಳ್ಳೆಯ ಲೆನ್ಸ್, ಅದರಲ್ಲಿ ಅನುಮಾನ ಇಲ್ಲ. 500ರಲ್ಲೂ ಎಫ್/5.6 ಸಿಗುತ್ತದೆ, ಪೂರ್ತಿ ತೆರೆದಿಟ್ಟರೂ ಗರಿ ಗರಿ ಬಿಡಿಸಿ ಕಾಣುತ್ತದೆ. ವಿಆರ್ ಅಂತೂ ಬಹಳ ಚೆನ್ನಾಗಿದೆ, ಕುಳಿತ ಹಕ್ಕಿಯನ್ನು 1/100 ಸೆಕೆಂಡ್ ಶಟರ್‌ನಲ್ಲಿ ಹಿಡಿದಿದ್ದೇನೆ. ಬೇಜಾರಿನ ವಿಷಯ ಎರಡು. ಜೂಮ್ ರಿಂಗ್ ತುಂಬಾ ತಿರುಗಿಸಬೇಕು, 200ರಿಂದ 500ಕ್ಕೆ ಒಂದೇ ಸಲಕ್ಕೆ ಕೈ ಹೋಗಲ್ಲ, ನಡುವೆ ಕೈ ಬಿಟ್ಟು ಮತ್ತೆ ಹಿಡಿಯಬೇಕು. ಅಷ್ಟರಲ್ಲಿ ಭೀಮರಾಜ ಹಾರಿ ಪಕ್ಕದ ತೋಟದಲ್ಲಿ ಇರುತ್ತದೆ. ಎರಡನೆಯದು, ನಾನು ಅದನ್ನು ಮನೆಯಲ್ಲೇ ಬಿಟ್ಟು ಹೋಗಲು ಶುರು ಮಾಡಿದೆ. "ಇವತ್ತು ಸುಮ್ನೆ ವಾಕಿಂಗ್ ಅಷ್ಟೇ" ಅಂತ. ಆ ಸುಮ್ನೆ ವಾಕಿಂಗ್ ದಿನವೇ ಕೋಟೆಬೆಟ್ಟದ ದಾರಿಯಲ್ಲಿ ಟ್ರೋಗನ್ ಹಕ್ಕಿಯ ಗಂಡು ಹತ್ತಡಿ ದೂರದಲ್ಲಿ ಬೆನ್ನು ತಿರುಗಿಸದೆ ಐದು ನಿಮಿಷ ಕುಳಿತಿತ್ತು. ಫೋನಲ್ಲಿ ತೆಗೆದ ಫೋಟೋ ಇನ್ನೂ ಇಟ್ಟುಕೊಂಡಿದ್ದೇನೆ, ಹೊಟ್ಟೆ ಉರಿಸಿಕೊಳ್ಳಲು.

ಗೋಣಿಕೊಪ್ಪ ಗಿರಿ
ಟೀಚರ್ ಆ ಟ್ರೋಗನ್ ಕಥೆ ಇದು ನಾಲ್ಕನೇ ಸಲ.

ಸೋಮವಾರಪೇಟೆ ಟೀಚರ್
ಇನ್ನೂ ನಾಲ್ಕು ಸಲ ಹೇಳುತ್ತೇನೆ, ಕೇಳಬೇಕು.

ಮಡಿಕೇರಿ ಮಂಜು
ನೋಡಿ, ಟೀಚರೇ ಶಾರ್ಪ್ ಅಂತ ಹೇಳಿದರು. ಇನ್ನೊಂದು, ಡಿ7200 ಕ್ರಾಪ್ ಬಾಡಿ, ಸೆನ್ಸರ್ ಸಣ್ಣದು. 500 ಹಾಕಿದರೆ 750 ಆಗುತ್ತದೆ. ಮತ್ತೆ 600 ಯಾಕೆ ಬೇಕು?

ಕುಶಾಲನಗರ ಸ್ಟುಡಿಯೋ
500 ಯಾವ ಬಾಡಿಗೆ ಹಾಕಿದರೂ 500ಏ ತಮ್ಮಾ. ಕಾಣುವ ಅಗಲ ಮಾತ್ರ ಫುಲ್ ಫ್ರೇಮ್‌ನಲ್ಲಿ (ದೊಡ್ಡ ಸೆನ್ಸರ್) 750 ಹಾಕಿದಷ್ಟು. ಆ ಲೆಕ್ಕ 600ಕ್ಕೂ ಅನ್ವಯಿಸುತ್ತದೆ, ಅದು 900 ಆಗುತ್ತದೆ. ಆದ್ದರಿಂದ ಎರಡನ್ನೂ ಹೋಲಿಸುವಾಗ ಕ್ರಾಪ್ ಲೆಕ್ಕ ತರಬೇಡ. 300ರಿಂದ 600ಕ್ಕೆ ಹೋದರೆ ಹಕ್ಕಿ ಮೇಲೆ ಬೀಳುವ ಪಿಕ್ಸೆಲ್ ನಾಲ್ಕು ಪಟ್ಟು. 500ಕ್ಕೆ ಹೋದರೆ ಸುಮಾರು 2.8 ಪಟ್ಟು. ತೋಟದವರಿಗೆ ಎರಡೂ ಹಬ್ಬವೇ.

ಪೊನ್ನಂಪೇಟೆ ಹುಡುಗ
ಈ ಕಾಲದಲ್ಲಿ ಡಿಎಸ್ಎಲ್ಆರ್ ಲೆನ್ಸ್‌ಗೆ ದುಡ್ಡು ಹಾಕುವುದೇ ದಂಡ ಅಣ್ಣ. ಎಲ್ಲಾ ಮಾರಿ ಕ್ಯಾನನ್ ಆರ್10 ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಹೊಸ ಥರದ ಬಾಡಿ) ತಗೊಂಡು ಆರ್‌ಎಫ್ 100-400 ಹಾಕಿ. ಲೆನ್ಸ್ ಬರೀ 635 ಗ್ರಾಂ. ಬಾಡಿ ಸೇರಿ ಒಂದು ಕೆ.ಜಿ. ಮೇಲೆ ಸ್ವಲ್ಪ. ಹಕ್ಕಿ ಕಣ್ಣನ್ನು ಕ್ಯಾಮೆರಾನೇ ಹುಡುಕುತ್ತದೆ. 0.88 ಮೀಟರ್ ಹತ್ತಿರಕ್ಕೂ ಫೋಕಸ್ ಆಗುತ್ತದೆ, ಚಿಟ್ಟೆಗೆ ಬೇರೆ ಲೆನ್ಸೇ ಬೇಡ.

ಮಡಿಕೇರಿ ಮಂಜು
ಆ ಲೆನ್ಸ್ 400ರಲ್ಲಿ ಎಫ್/8! ಕಾಫಿ ತೋಟದ ನೆರಳಲ್ಲಿ ಎಫ್/8! ಟಾರ್ಚ್ ಹಿಡಿಯಲು ಒಬ್ಬ ಆಳು ಬೇಕು.

ಪೊನ್ನಂಪೇಟೆ ಹುಡುಗ
ಬಳಸಿ ನೋಡಿ ಮಾತಾಡಿ. ಐಎಸ್ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 6400ರಲ್ಲಿ ತೆಗೆದು ಕಂಪ್ಯೂಟರಲ್ಲಿ ನಾಯ್ಸ್ (ರವೆ ರವೆ) ತೆಗೆದರೆ ಯಾರಿಗೂ ಗೊತ್ತಾಗಲ್ಲ.

ಕುಶಾಲನಗರ ಸ್ಟುಡಿಯೋ
ಇಬ್ಬರೂ ಸ್ವಲ್ಪ ನಿಲ್ಲಿ. ಲೆಕ್ಕ ಹೀಗೆ. ಒಂದು ಸ್ಟಾಪ್ ಕಡಿಮೆ ಅಂದರೆ ಬೆಳಕು ಅರ್ಧ. ಎಫ್/5.6ರಿಂದ 6.3ಕ್ಕೆ ಮೂರನೇ ಒಂದು ಸ್ಟಾಪ್ ಅಷ್ಟೇ. ನಿಕಾನ್‌ನಲ್ಲಿ ಐಎಸ್ಒ 3200 ಇದ್ದರೆ ಸಿಗ್ಮಾ, ಟ್ಯಾಮ್ರಾನ್‌ನಲ್ಲಿ 4000. ಇದಕ್ಕೆ ಯಾರೂ ಜಗಳ ಆಡಬಾರದು. ಎಫ್/8ಕ್ಕೆ ಹೋದರೆ ಪೂರ್ತಿ ಒಂದು ಸ್ಟಾಪ್, 3200 ಇದ್ದದ್ದು 6400. ರೊಬಸ್ಟಾ ತೋಟದಲ್ಲಿ ಮೇಲೆ ಸಿಲ್ವರ್ ಮರ, ಅದರ ಮೇಲೆ ಮೆಣಸಿನ ಬಳ್ಳಿ, ಮಳೆಗಾಲದಲ್ಲಿ ಬೆಳಿಗ್ಗೆ 9 ಗಂಟೆಗೂ ಸಂಜೆ ಆದ ಹಾಗೆ ಇರುತ್ತದೆ. ಅಲ್ಲಿ ಆ ಒಂದು ಸ್ಟಾಪ್‌ಗೆ ಬೆಲೆ ಇದೆ. ಬಯಲಲ್ಲಿ, ಗದ್ದೆ ಬದಿಯಲ್ಲಿ ಇಲ್ಲ. ಆದರೂ ಪ್ರಶ್ನೆ ಕೇಳಿದವರ ಬಜೆಟ್ 80 ಸಾವಿರ, ಅದರಲ್ಲಿ ಬಾಡಿ ಲೆನ್ಸ್ ಎರಡೂ ಹೊಸದು ಬರಲ್ಲ. ಅದನ್ನು ಬಿಡಿ.

ವಿರಾಜಪೇಟೆ ವಿಂಗ್ಸ್
ಜೂಮೇ ಬೇಕಾ? ನಿಕಾನ್ 300 ಎಫ್/4 ಪಿಎಫ್ (ಜೂಮ್ ಇಲ್ಲದ ಹಗುರ ಲೆನ್ಸ್) 755 ಗ್ರಾಂ. ಅದನ್ನು 1.4 ಪಟ್ಟು ಹಿಗ್ಗಿಸುವ ಕನ್ವರ್ಟರ್ 190 ಗ್ರಾಂ. ಎರಡೂ ಸೇರಿ 420 ಎಫ್/5.6, ಒಂದು ಕೆ.ಜಿ.ಗಿಂತ ಕಡಿಮೆ. ಭುಜಕ್ಕೆ ಇದಕ್ಕಿಂತ ಒಳ್ಳೆಯ ಔಷಧಿ ಇಲ್ಲ.

ಬಾಳೆಲೆ ತೋಟ
ಇದು ನಾನು ಯೋಚನೆ ಮಾಡಿರಲಿಲ್ಲ. ನೋಡಿದೆ, ಸೆಕೆಂಡ್ ಹ್ಯಾಂಡ್‌ನಲ್ಲೂ ಕನ್ವರ್ಟರ್ ಸೇರಿ ನನ್ನ ಬಜೆಟ್ ದಾಟುತ್ತದೆ. ಅಲ್ಲದೆ ನಮ್ಮ ಮನೆ ಹಿಂದೆ ಆನೆ ಬಂದು ಹಲಸು ತಿನ್ನುವಾಗ ಅಟ್ಟದ ಕಿಟಕಿಯಿಂದ ತೆಗೆಯುತ್ತೇನೆ. 420ರಲ್ಲಿ ಆನೆಯ ಕಿವಿ ಮಾತ್ರ ಬರುತ್ತದೆ. ಜೂಮ್ ಬೇಕು.

ಗೋಣಿಕೊಪ್ಪ ಗಿರಿ
ಆನೆ ವಿಷಯ ಬಂತಲ್ಲ, ಒಂದು ಮಾತು. ಯಾರೂ ದಯವಿಟ್ಟು 3 ಕೆ.ಜಿ. ಲೆನ್ಸ್ ಟ್ರೈಪಾಡ್ ಮೇಲೆ ಇಟ್ಟುಕೊಂಡು ತೋಟದಲ್ಲಿ ಒಬ್ಬರೇ ಕೂರಬೇಡಿ. ಹೋದ ಬ್ಲಾಸಮ್ ಮಳೆ (ಕಾಫಿ ಹೂ ಅರಳಿಸುವ ಮಳೆ) ಆಗಿ ಎಂಟು ಹತ್ತು ದಿನಕ್ಕೆ ನಾನು ಹಾಗೇ ಕೂತಿದ್ದೆ, ತೋಟ ಎಲ್ಲಾ ಬೆಳ್ಳಗೆ ಹೂ, ಸೂರಕ್ಕಿ ಸಿಗುತ್ತದೆ ಅಂತ. ವ್ಯೂ ಫೈಂಡರ್ ಒಳಗೆ ಒಂದು ಕಣ್ಣು, ಇನ್ನೊಂದು ಮುಚ್ಚಿದೆ. ಹಿಂದೆ ಕಾಫಿ ಗಿಡ ಮುರಿದ ಸದ್ದು. ತಿರುಗಿ ನೋಡಿದರೆ ಒಂಟಿ ಸಲಗ, ನಮ್ಮ ಪಂಪ್ ಹೌಸ್ ಹತ್ತಿರ. ಲೆನ್ಸ್ ಬಿಟ್ಟು ಓಡಿದೆ. ಎರಡು ಗಂಟೆ ಬಿಟ್ಟು ರೈಟರ್ (ತೋಟದ ಮೇಲ್ವಿಚಾರಕ) ಜೊತೆ ಹೋಗಿ ನೋಡಿದರೆ ಟ್ರೈಪಾಡ್ ನಿಂತ ಹಾಗೇ ನಿಂತಿದೆ, ಲೆನ್ಸ್ ಹುಡ್ ಮೇಲೆ ಒಂದು ಕಾಜಾಣ ಕೂತಿದೆ.

ಅಮ್ಮತ್ತಿ ಅಜ್ಜ
ಅದರ ಫೋಟೋ ತೆಗೆದೆಯಾ?

ಗೋಣಿಕೊಪ್ಪ ಗಿರಿ
ಕ್ಯಾಮೆರಾ ಅದರ ಕೆಳಗೇ ಇತ್ತಲ್ಲ ಅಜ್ಜಾ.

ಕಕ್ಕಬ್ಬೆ ಕ್ಲಿಕ್
ಸಿಗ್ಮಾ ಸ್ಪೋರ್ಟ್ ಬಗ್ಗೆ ಯಾರೂ ಹೇಳಲೇ ಇಲ್ಲ. ಅದೂ 150-600. ಮಳೆ, ಧೂಳು ಎರಡಕ್ಕೂ ಸೀಲ್ ಮಾಡಿದ್ದಾರೆ. ತೂಕ 2.4 ಏನೋ ಇರಬೇಕು.

ಕುಟ್ಟ ಕಾಡುದಾರಿ
2860 ಗ್ರಾಂ. ಮುಂದಿನ ಫಿಲ್ಟರ್ 105 ಮಿ.ಮೀ. ನನ್ನ ಭಾವನ ಹತ್ತಿರ ಇದೆ. ನಾಗರಹೊಳೆಯ ನಾಣಚ್ಚಿ ಗೇಟ್‌ನಿಂದ ಸಫಾರಿ ಹೋಗುವಾಗ ಗಾಡಿ ಕಿಟಕಿ ಮೇಲೆ ಬೀನ್ ಬ್ಯಾಗ್ ಇಟ್ಟುಕೊಂಡು ತೆಗೆದರೆ ಅದ್ಭುತ. ನಡೆದುಕೊಂಡು ಹೋಗುವವರಿಗೆ ಶಿಕ್ಷೆ. ಕಂಟೆಂಪರರಿಯಲ್ಲಿ ಮೌಂಟ್ ಹತ್ತಿರ ಮಾತ್ರ ರಬ್ಬರ್ ಇದೆ, ಅದನ್ನು ನೆನಪಲ್ಲಿಡಿ. ಜಿಟಿಜಿಟಿ ಮಳೆಯಲ್ಲಿ ಹಾಲಿನ ಪ್ಯಾಕೆಟ್ ಕವರ್ ಆದರೂ ಸುತ್ತಿಕೊಳ್ಳಬೇಕು.

ಭಾಗಮಂಡಲ ಮಳೆ
ಹಾಲಿನ ಪ್ಯಾಕೆಟ್ ಸಾಲಲ್ಲ. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ತೊಳೆದು ಒಣಗಿಸಿ ಇಟ್ಟುಕೊಳ್ಳಿ, ಅದು ಸರಿಯಾದ ಅಳತೆ.

ಚೆಟ್ಟಳ್ಳಿ ಚಿತ್ರ
ನನ್ನ ಗೋಳು ಕೇಳಿ. ನಾನು ಬೆಂಗಳೂರಿನ ಒಂದು ಅಂಗಡಿಯಲ್ಲಿ ಹೊಸ 150-600 ತಗೊಂಡೆ. ಕಂಪನಿ ಹೆಸರು, ಅಂಗಡಿ ಹೆಸರು ಎರಡೂ ಬೇಡ. 600ರಲ್ಲಿ ಎಲ್ಲಾ ಫೋಟೋ ಮಸುಕು. ಬದಲಿಸಿ ಕೊಡಿ ಅಂದರೆ "ಮೇಡಂ ಟ್ರೈಪಾಡ್ ಬಳಸಿ" ಅಂದರು. ಬಳಸಿದೆ, ಅದೇ ಮಸುಕು. "ಮೇಡಂ ಬೆಳಕು ಜಾಸ್ತಿ ಇರುವಾಗ ತೆಗೆಯಿರಿ" ಅಂದರು. ತೆಗೆದೆ, ಅದೇ. ಕೊನೆಗೆ ನಮ್ಮ ಮನೆಯವರು "ನಿನ್ನ ಕನ್ನಡಕ ಸರಿ ಇದೆಯಾ" ಅಂತ ಕೇಳಿದರು. ಆದ್ದರಿಂದ ಜೂಮ್ ಲೆನ್ಸ್‌ನಲ್ಲಿ ಅದೃಷ್ಟ ಬೇಕು ಅಂತ ನನ್ನ ಅಭಿಪ್ರಾಯ.

ಕುಶಾಲನಗರ ಸ್ಟುಡಿಯೋ
ಅಕ್ಕಾ, ಮುಂದೆ ಯುವಿ ಫಿಲ್ಟರ್ ಹಾಕಿದ್ದಿರಾ?

ಚೆಟ್ಟಳ್ಳಿ ಚಿತ್ರ
ಹಾಕಿದ್ದೆ. ಅಂಗಡಿಯವರೇ ಫ್ರೀ ಕೊಟ್ಟಿದ್ದು.

ಕುಶಾಲನಗರ ಸ್ಟುಡಿಯೋ
ಅದನ್ನು ತೆಗೆದು ಒಂದು ಫೋಟೋ ತೆಗೆಯಿರಿ. 95 ಮಿ.ಮೀ. ಅಗ್ಗದ ಗಾಜು 600ರ ಮುಂದೆ ಇಟ್ಟರೆ ಎಂಥ ಲೆನ್ಸ್ ಆದರೂ ಮಂಕಾಗುತ್ತದೆ. 50 ಲೆನ್ಸ್‌ನಲ್ಲಿ ಗೊತ್ತಾಗದ ತಪ್ಪು 600ರಲ್ಲಿ ದೊಡ್ಡದಾಗಿ ಕಾಣುತ್ತದೆ.

ಹಾಗೇ ಶಾರ್ಪ್‌ನೆಸ್ ಬಗ್ಗೆ ನನ್ನ ತಲೆನೋವು ಬರೆದುಬಿಡುತ್ತೇನೆ. ನನ್ನ ಹತ್ತಿರ ಲೆನ್ಸ್ ಮಸುಕು ಅಂತ ತರುವವರ ಫೋಟೋ ತೆಗೆದು ನೋಡಿದರೆ ಮುಕ್ಕಾಲು ಪಾಲು ಲೆನ್ಸ್ ತಪ್ಪಲ್ಲ. ಶಟರ್ 1/250 ಇಟ್ಟು ಹಾರುವ ಹಕ್ಕಿ ತೆಗೆದಿರುತ್ತಾರೆ. ಇಲ್ಲವೇ ಬಿಸಿ ಗಾಳಿ. ನಮ್ಮ ಕಡೆ ಇದು ಬಹಳ ಜನಕ್ಕೆ ಗೊತ್ತಿಲ್ಲ. ಜನವರಿಯಲ್ಲಿ ಕಾಫಿ ಒಣಗಲು ಹಾಕಿರುವ ಸಿಮೆಂಟ್ ಕಣದ ಆಚೆ ಕೂತ ಹಕ್ಕಿಯನ್ನು 11 ಗಂಟೆಗೆ ತೆಗೆದು ನೋಡಿ. ಕಣದ ಮೇಲೆ ಗಾಳಿ ನೀರಿನ ಹಾಗೆ ಅಲುಗುತ್ತಿರುತ್ತದೆ, ಆ ಗಾಳಿಯ ಮೂಲಕ ಒಂದೂವರೆ ಲಕ್ಷದ ಲೆನ್ಸೂ ಒಂದೇ, ಐವತ್ತು ಸಾವಿರದ ಲೆನ್ಸೂ ಒಂದೇ. ಅದೇ ಹಕ್ಕಿಯನ್ನು ಬೆಳಿಗ್ಗೆ ಏಳಕ್ಕೆ ತೆಗೆದರೆ ಬೇರೆ ಲೆನ್ಸ್ ತಗೊಂಡ ಹಾಗಿರುತ್ತದೆ.

ಇದೆಲ್ಲಾ ಸರಿ ಇದ್ದರೂ ಮಸುಕಾದರೆ ಫೋಕಸ್ ಹಿಂದೆ ಮುಂದೆ ಬೀಳುತ್ತಿದೆ ಅಂತ ಅರ್ಥ. ಡಿ7200ರಲ್ಲಿ ಅದನ್ನು ಸರಿ ಮಾಡಲು ಎಎಫ್ ಫೈನ್ ಟ್ಯೂನ್ ಇದೆ, ಆದರೆ ಇಡೀ ಲೆನ್ಸ್‌ಗೆ ಒಂದೇ ಸಂಖ್ಯೆ. ಸಿಗ್ಮಾಗೆ ಡಾಕ್ ಅಂತ ಒಂದು ಸಣ್ಣ ತಟ್ಟೆ ಬರುತ್ತದೆ, ಕಂಪ್ಯೂಟರ್‌ಗೆ ಸಿಕ್ಕಿಸಿ ನಾಲ್ಕು ಜೂಮ್ ಅಳತೆ, ಪ್ರತಿಯೊಂದಕ್ಕೂ ನಾಲ್ಕು ದೂರ, ಒಟ್ಟು 16 ಕಡೆ ಸರಿ ಮಾಡಬಹುದು. ಒಂದು ದಿನ ಹಾಳಾಗುತ್ತದೆ, ಆದರೆ ಕೆಲಸ ಆಗುತ್ತದೆ. ಟ್ಯಾಮ್ರಾನ್ ಜಿ2ಗೂ ಅಂಥದ್ದೇ ಇದೆ.

ಚೆಟ್ಟಳ್ಳಿ ಚಿತ್ರ
ಫಿಲ್ಟರ್ ತೆಗೆದು ಈಗಷ್ಟೇ ತೆಗೆದೆ. ಎದುರು ಮನೆಯ ಹೆಂಚಿನ ಮೇಲಿನ ಪಾಚಿ ಕಾಣುತ್ತಿದೆ. ಎರಡು ವರ್ಷ!! ಮನೆಯವರಿಗೆ ಇನ್ನೂ ಹೇಳಿಲ್ಲ.

ಮಡಿಕೇರಿ ಮಂಜು
😂😂

ಭಾಗಮಂಡಲ ಮಳೆ
ಎಲ್ಲರೂ ಶಾರ್ಪ್ ಶಾರ್ಪ್ ಅನ್ನುತ್ತೀರಿ, ಫಂಗಸ್ ಬಂದರೆ ಯಾವ ಶಾರ್ಪೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ನಮ್ಮ ಕಡೆ ಗೋಡೆಯೇ ಬೆವರುತ್ತದೆ. ಈ ಮೂರೂ ಜೂಮ್ ಮಾಡಿದಾಗ ಉದ್ದ ಆಗುವ ಲೆನ್ಸ್‌ಗಳು, ಪ್ರತಿ ಸಲ ಎಳೆದಾಗ ಹೊರಗಿನ ತೇವದ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತವೆ. ಸೋನಿ 200-600, ನಿಕಾನ್ ಜೆಡ್ 180-600 ಉದ್ದ ಆಗಲ್ಲ, ಒಳಗೇ ಜೂಮ್ ಆಗುತ್ತವೆ, ಆದರೆ ಅವು ಮಿರರ್‌ಲೆಸ್‌ಗೆ, ಬೆಲೆಯೂ ಬೇರೆ. ನಾನು ಮಾಡುವುದು ಇಷ್ಟು: ಅಕ್ಕಿ ಹಾಕುವ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ತೇವಾಂಶ ತೋರಿಸುವ ಸಣ್ಣ ಮೀಟರ್, ಅರ್ಧ ಕೆ.ಜಿ. ಸಿಲಿಕಾ ಜೆಲ್. ಮೀಟರ್ 40ರಿಂದ 50ರ ನಡುವೆ ಇರಬೇಕು. ನೀಲಿ ಕಾಳು ಗುಲಾಬಿ ಆದಾಗ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿ ಆಗುತ್ತದೆ. ಬೇರೆ ಕಾವಲಿ ಇಟ್ಟುಕೊಳ್ಳಿ. ಅಕ್ಕಿ ರೊಟ್ಟಿ ಸುಡುವ ಕಾವಲಿಯಲ್ಲಿ ಹುರಿದು ನನ್ನ ಹೆಂಡತಿ ಕೈಲಿ ಬೈಸಿಕೊಂಡಿದ್ದೇನೆ, ಆ ನೀಲಿ ಬಣ್ಣ ಹೊಟ್ಟೆಗೆ ಹೋಗಬಾರದಂತೆ, ಅವಳು ಹೇಳಿದ್ದೇ ಸರಿ.

ಅಮ್ಮತ್ತಿ ಅಜ್ಜ
ನಮ್ಮಲ್ಲಿ ಬೀರು ಒಳಗೆ ಝೀರೋ ಬಲ್ಬ್ ಹಾಕಿ ಇಡುತ್ತೇವೆ.

ಭಾಗಮಂಡಲ ಮಳೆ
ಕರೆಂಟ್ ಇದ್ದರೆ ತಾನೇ ಅಜ್ಜಾ. ಜುಲೈನಲ್ಲಿ ನಮಗೆ ಕರೆಂಟ್ ನೆಂಟರ ಹಾಗೆ.

ವಿರಾಜಪೇಟೆ ವಿಂಗ್ಸ್
ಕೈಲ್ ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ದಿನ ನಾನು ಕೋವಿ ಪಕ್ಕದಲ್ಲಿ ಲೆನ್ಸ್ ಇಟ್ಟು ಹುಡ್‌ಗೆ ಕೋವಿಗೆ ಸಿಕ್ಕಿಸುವ ತೋಕ್ ಪೂ ಹೂವನ್ನು ಸಿಕ್ಕಿಸಿದೆ. ಅಪ್ಪ ಏನೂ ಹೇಳಲಿಲ್ಲ. ಫಂಗಸ್ ಇನ್ನೂ ಬಂದಿಲ್ಲ.

ಕುಟ್ಟ ಕಾಡುದಾರಿ
ತೋಟದ ಅಣ್ಣಾ, ವಿಷಯಕ್ಕೆ ಬರೋಣ. ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ಚೀಲದಲ್ಲಿ ಎರಡು ಲೀಟರ್ ನೀರಿನ ಬಾಟಲಿ ಹಾಕಿ ಮೂರು ದಿನ ತೋಟ ಸುತ್ತಿ. ಹಕ್ಕಿ ಕಂಡಾಗಲೆಲ್ಲ ಬಾಟಲಿ ತೆಗೆದು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಿರಿ. ಅದು ಸಿಗ್ಮಾ, ಟ್ಯಾಮ್ರಾನ್. ಆಮೇಲೆ ಅದಕ್ಕೇ ಒಂದು ಸಣ್ಣ 300 ಎಂ.ಎಲ್. ಬಾಟಲಿ ಕಟ್ಟಿ. ಅದು ನಿಕಾನ್.

ಗೋಣಿಕೊಪ್ಪ ಗಿರಿ
ನನ್ನ ಹತ್ತಿರ 200-500 ಇದೆ, ನಮ್ಮ ಚಿಕ್ಕಪ್ಪನ ಮಗನ ಹತ್ತಿರ ಸಿಗ್ಮಾ ಕಂಟೆಂಪರರಿ ಇದೆ. ಸಂತೆಗೆ ಬಂದಾಗ ಮನೆಗೆ ಬನ್ನಿ. ಎರಡೂ ಹಾಕಿ ನೋಡಿ.

ಬಾಳೆಲೆ ತೋಟ
ಖಂಡಿತ ಬರುತ್ತೇನೆ ಗಿರಿ. ಬಾಟಲಿ ಕೆಲಸ ಇವತ್ತಿಂದಲೇ ಶುರು.

ಬಾಳೆಲೆ ತೋಟ
ಎಂಟು ದಿನ ಆಯ್ತು, ವರದಿ ಒಪ್ಪಿಸುತ್ತೇನೆ.

ಬಾಟಲಿ: ಎರಡು ಲೀಟರ್ ಪರವಾಗಿಲ್ಲ. ಸಣ್ಣ ಬಾಟಲಿ ಕಟ್ಟಿದ ದಿನ ಭುಜ ರಾತ್ರಿ ಮಾತಾಡಿತು. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ಆಗುತ್ತದೆ ಅಂತ ನಾನು ನಂಬಿರಲಿಲ್ಲ. ಕೆಲಸದವರು ಮಾತ್ರ ಯಜಮಾನರಿಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದಾರೆ, ಬಾಟಲಿಯನ್ನು ಮರದ ಕಡೆ ಎತ್ತಿ ಹಿಡಿದು ನಿಲ್ಲುವುದನ್ನು ನೋಡಿ.

ಗಿರಿ ಮನೆಯಲ್ಲಿ ಎರಡೂ ಲೆನ್ಸ್ ನನ್ನ ಬಾಡಿಗೆ ಹಾಕಿ ನೋಡಿದೆವು. ಕಣದ ಆಚೆ ತಂತಿಗೆ ಒಂದು ಗೋಣಿಚೀಲ ನೇತು ಹಾಕಿದೆವು, ಸುಮಾರು 15 ಮೀಟರ್ ದೂರ, ಬೆಳಿಗ್ಗೆ ಏಳೂವರೆಗೆ. (ಸ್ಟುಡಿಯೋ ಸರ್ ಮಾತು ಕೇಳಿ.) ಗೋಣಿಯ ನೂಲು ಎಣಿಸಬಹುದಾ ಅಂತ ನೋಡುವುದು. 500ರಲ್ಲಿ, ಟ್ರೈಪಾಡ್ ಮೇಲೆ, ಎರಡೂ ಎಫ್/6.3. ನಿಕಾನ್‌ನಲ್ಲಿ ನೂಲಿನಿಂದ ಎದ್ದ ಸಣ್ಣ ಸಣ್ಣ ನಾರು ಕೂಡ ಬಿಡಿಸಿ ಕಂಡಿತು. ಸಿಗ್ಮಾದಲ್ಲಿ ನೂಲು ಸ್ಪಷ್ಟ, ನಾರು ಸ್ವಲ್ಪ ಮೆತ್ತಗೆ. ಎಫ್/8 ಮಾಡಿದರೆ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ, ಗಿರಿಗೆ ಗೊತ್ತಾಯಿತಂತೆ. ಸಿಗ್ಮಾ 600ರಲ್ಲಿ ಎಫ್/6.3 ಸ್ವಲ್ಪ ಹಾಲು ಬೆರೆತ ಹಾಗೆ, 8ಕ್ಕೆ ಇಳಿಸಿದರೆ ಸರಿ. ಆಮೇಲೆ ಟ್ರೈಪಾಡ್ ಬಿಟ್ಟು ಕೈಯಲ್ಲೇ ಹಿಡಿದು ಇಪ್ಪತ್ತು ಇಪ್ಪತ್ತು ತೆಗೆದೆ. ಇಲ್ಲಿ ಲೆಕ್ಕ ತಿರುಗಿತು. ನಿಕಾನ್‌ನಲ್ಲಿ ಮೊದಲ ಆರು ಚೆನ್ನಾಗಿ ಬಂದವು, ಕೊನೆಯ ಹತ್ತರಲ್ಲಿ ಚೀಲ ಫ್ರೇಮ್‌ನ ಮೂಲೆಗೆ ಜಾರಿತ್ತು, ನನ್ನ ಭುಜ ನಡುಗುತ್ತಿತ್ತು. ಸಿಗ್ಮಾದಲ್ಲಿ ಹದಿನೈದು ಸರಿ ಇದ್ದವು.

ಮಡಿಕೇರಿ ಮಂಜು
ಅಂದರೆ 200-500 ಶಾರ್ಪ್ ಅಂತ ನಾನು ಹೇಳಿದ್ದು ಸರಿ ಆಯ್ತು.

ಸೋಮವಾರಪೇಟೆ ಟೀಚರ್
ಸರಿ ಮಂಜು, ನಿನಗೆ ಹತ್ತಕ್ಕೆ ಹತ್ತು. ಈಗ ಕೂತುಕೋ.

ಪೊನ್ನಂಪೇಟೆ ಹುಡುಗ
ಆರ್‌ಎಫ್ 100-400ರಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಬರುತ್ತಿತ್ತು. ಹೇಳಿದೆ ಅಷ್ಟೇ.

ಕುಶಾಲನಗರ ಸ್ಟುಡಿಯೋ
ಅದೂ ನಿಜವೇ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಹಿಂದಿನಿಂದ ಫೋನ್ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ, ಜೇಡರ ಬಲೆ ಥರ ಕಂಡರೆ ಫಂಗಸ್. 150ರಿಂದ 600ರವರೆಗೆ ನಿಧಾನ ತಿರುಗಿಸಿ, ಎಲ್ಲೂ ಸಿಕ್ಕಿಕೊಳ್ಳಬಾರದು. ಬಿಲ್ ಕೇಳಿ.

ಬಾಳೆಲೆ ತೋಟ
ತಗೊಂಡೆ! ಮೈಸೂರಿನ ಒಬ್ಬರ ಹತ್ತಿರ ಸಿಗ್ಮಾ ಕಂಟೆಂಪರರಿ, ಡಾಕ್ ಸೇರಿ 54 ಸಾವಿರ. ಬಿಲ್ ಇದೆ. ಟಾರ್ಚ್ ಬಿಟ್ಟು ನೋಡಿದೆ, ಶುದ್ಧವಾಗಿದೆ. ಉಳಿದ ದುಡ್ಡಲ್ಲಿ ಒಂದು ಮಾನೋಪಾಡ್, ಮಳೆ ಸರ್ ಹೇಳಿದ ಅಕ್ಕಿ ಡಬ್ಬ, ಮೀಟರ್, ಬೇರೆ ಕಾವಲಿ. ಭಾನುವಾರ ಇಡೀ ಡಾಕ್ ಇಟ್ಟುಕೊಂಡು ಗೋಣಿಚೀಲ ತೆಗೆದೆ. ಸೋಮವಾರ ಬೆಳಿಗ್ಗೆ ಬಸರಿ ಮರದಲ್ಲಿ ಮಂಗಟ್ಟೆ. ಕಣ್ಣಿನ ರೆಪ್ಪೆ ಕೂದಲು ಕಾಣುತ್ತದೆ. ಮಂಗಟ್ಟೆಗೆ ರೆಪ್ಪೆ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ!

ಸೋಮವಾರಪೇಟೆ ಟೀಚರ್
ಅದು ಕೂದಲಲ್ಲ, ಗರಿಯೇ ಹಾಗೆ ಆಗಿರುವುದು. ಫೋಟೋ ಹಾಕಿ ಬೇಗ.

ಚೆಟ್ಟಳ್ಳಿ ಚಿತ್ರ
ಅಣ್ಣಾ, ಆ ಹಳೇ 70-300 ಏನು ಮಾಡುತ್ತೀರಿ? ನನ್ನ ತಂಗಿಗೆ ಬೇಕಿತ್ತು.

ಬಾಳೆಲೆ ತೋಟ
ಗಿರಿ ಮನೆಯಲ್ಲಿ ಕೊಟ್ಟಿರುತ್ತೇನೆ, ಸಂತೆ ದಿನ ತಗೊಂಡು ಹೋಗಿ. ಒಳಗೆ ಮೂಲೆಯಲ್ಲಿ ಒಂದು ಫಂಗಸ್ ಚುಕ್ಕೆ ಇದೆ, ಮುಂಚೆಯೇ ಹೇಳುತ್ತಿದ್ದೇನೆ. ಮುಂದೆ ಒಂದು ಯುವಿ ಫಿಲ್ಟರ್ ಕೂಡ ಇದೆ, ಅದು ಬೇಕಾ?

ಚೆಟ್ಟಳ್ಳಿ ಚಿತ್ರ
ಬೇಡ!!